ಮೂರು ಮನೆಯ ಸಭೆ: ಉಚ್ಚಂಗಿದುರ್ಗದ ಸೀಮೆಯಲ್ಲಿ ಕಲಿತ ಪಾಠಗಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ಅವರಲ್ಲಿ ಬಹಳ ಮಂದಿ ಕರಾವಳಿ ಮತ್ತು ಬೆಂಗಳೂರಿನವರು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಬಯಲಿಗೆ ಬಂದರೆ ಒಂದು ಊರಲ್ಲಿ ಮೂರು ಮನೆ, ಇನ್ನೊಂದರಲ್ಲಿ ಒಂದೇ ಮನೆ, ನಡುವೆ ಒಬ್ಬರೂ ಇಲ್ಲದ ಹತ್ತಾರು ಊರು. ಉಚ್ಚಂಗಿದುರ್ಗದ ಬೆಟ್ಟದ ಸುತ್ತಮುತ್ತ ಸಭೆ ನೋಡಿಕೊಳ್ಳುವ ಕೆಲಸದಲ್ಲಿ ನನ್ನ ತಲೆ ನರೆತಿದೆ. ಪ್ರಾರ್ಥನೆ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಜನ ನನ್ನನ್ನು ಕೇಳುವುದು ಕಾಯಿಲೆಯ ಬಗ್ಗೆ, ಸಾಲದ ಬಗ್ಗೆ. ಅದೆಲ್ಲ ಮುಗಿದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುವಾಗ, ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ: "ಪಾಸ್ಟ್ರೇ, ನಾವು ಇಷ್ಟೇ ಮಂದಿ ಇದೀವಿ. ಮುಂದೆ ಹೆಂಗೆ?"

ಹೊಸದಾಗಿ ಸೇವೆಗೆ ಇಳಿದಿರುವ ಹುಡುಗರಿಗೂ ಇದೇ ಪ್ರಶ್ನೆ ಎದುರಾಗುತ್ತಿದೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

1. ಲೆಕ್ಕ ಹಾಕುವಾಗ ನೆರೆಯವರನ್ನು ವೈರಿಗಳ ಪಟ್ಟಿಗೆ ಸೇರಿಸಬೇಡಿ

ನಾವು ಕಡಿಮೆ ಇದ್ದೇವೆ ಎಂಬುದು ನಿಜ. ಉಳಿದವರೆಲ್ಲ ನಮಗೆ ಎದುರು ನಿಂತಿದ್ದಾರೆ ಎಂಬುದು ಸುಳ್ಳು. ಈ ಎರಡನ್ನೂ ಕಲಸಿಬಿಟ್ಟರೆ, ದೇವರ ಬಲದ ಬಗ್ಗೆ ಎಷ್ಟು ಒಳ್ಳೆಯ ಪ್ರಸಂಗ ಮಾಡಿದರೂ ಕೇಳಿದವರು ಜಗಳಕ್ಕೆ ಸಜ್ಜಾಗಿ ಮನೆಗೆ ಹೋಗುತ್ತಾರೆ.

ಸಣ್ಣ ಸಭೆಗಳಲ್ಲಿ ಗಿದ್ಯೋನನ ಕಥೆ ಹೇಳದ ಪ್ರಸಂಗಿ ಇಲ್ಲ. ಮಿದ್ಯಾನ್ಯರ ವಿರುದ್ಧದ ಯುದ್ಧಕ್ಕೆ ಮೂವತ್ತೆರಡು ಸಾವಿರ ಮಂದಿ ಸೇರಿದ್ದರು. ಹೆದರಿದವರು ಮನೆಗೆ ಹೋಗಲಿ ಎಂದಾಗ ಇಪ್ಪತ್ತೆರಡು ಸಾವಿರ ಹೊರಟುಹೋದರು. ನೀರಿನ ಹತ್ತಿರ ಪರೀಕ್ಷೆ ಮಾಡಿದಾಗ ಉಳಿದದ್ದು ಮುನ್ನೂರು. ಗೆದ್ದದ್ದು ತಮ್ಮ ಕೈಬಲದಿಂದ ಎಂದು ಜನ ಬೀಗಬಾರದು ಎಂಬ ಕಾರಣಕ್ಕೇ ದೇವರು ದಂಡನ್ನು ಇಳಿಸಿದ. ಈ ಕಥೆ ನನಗೂ ಪ್ರಿಯ. ಆದರೆ ನಮ್ಮ ಹಳ್ಳಿಯಲ್ಲಿ ಮಿದ್ಯಾನ್ಯರು ಯಾರು? ಮಳೆ ಬಿದ್ದ ಮರುದಿನ ನಮಗೆ ಕೂರಿಗೆ ಎರವಲು ಕೊಟ್ಟವರೇ? ರಾತ್ರಿ ಹೆರಿಗೆ ನೋವು ಬಂದಾಗ ಬಾಡಿಗೆ ಕೇಳದೆ ಹರಪನಹಳ್ಳಿ ಆಸ್ಪತ್ರೆವರೆಗೆ ಟಂಟಂ ಓಡಿಸಿದವರೇ? ಗಿದ್ಯೋನನ ಕಥೆ ಹೇಳಿ, ಕಿಟಕಿಯ ಆಚೆ ಇರುವವರತ್ತ ಕೈ ತೋರಿಸುವ ಪ್ರಸಂಗಿಯನ್ನು ನಾನು ಮತ್ತೊಮ್ಮೆ ಕರೆಯುವುದಿಲ್ಲ.

ಕಥೆಯ ಕೊನೆಯನ್ನೂ ಓದಬೇಕು. ಗೆದ್ದ ಮೇಲೆ ಜನ ಗಿದ್ಯೋನನನ್ನು ಅರಸನಾಗು ಎಂದರು. ಅವನು ಒಲ್ಲೆ ಎಂದ. ಅಲ್ಲಿಗೆ ನಿಲ್ಲಲಿಲ್ಲ, ಕೊಳ್ಳೆಯಲ್ಲಿ ಸಿಕ್ಕ ಚಿನ್ನದ ಮುರುವುಗಳನ್ನು ಕೇಳಿ ಪಡೆದ. ತೂಕ ಸಾವಿರದ ಏಳುನೂರು ಶೆಕೆಲ್. ಅದರಿಂದ ಏಫೋದು ಎಂಬ ಯಾಜಕ ಉಡುಪು ಮಾಡಿಸಿ ತನ್ನ ಊರಾದ ಒಫ್ರದಲ್ಲಿಟ್ಟ, ಅದೇ ಅವನ ಮನೆತನಕ್ಕೆ ಉರುಲಾಯಿತು. ಮುನ್ನೂರು ಮಂದಿಯ ಜೊತೆ ಇದ್ದಾಗ ದೇವರನ್ನು ಬಿಟ್ಟರೆ ಅವನಿಗೆ ಬೇರೆ ಆಸರೆ ಇರಲಿಲ್ಲ. ಎಡವಿದ್ದು ಕೈತುಂಬ ಚಿನ್ನ ಬಂದ ಮೇಲೆ. ಸಭೆ ಬೆಳೆಯಲಿ ಎಂದು ಹಗಲಿರುಳು ಕೇಳಿಕೊಳ್ಳುವ ನಾವು ಈ ಭಾಗವನ್ನು ಬಿಟ್ಟು ಓದುತ್ತೇವೆ.

2. ಯಾವುದಕ್ಕೆ ಹೆದರಿಕೆ ಎಂದು ಬಿಡಿಸಿ ಹೇಳಲಿ

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದಾಗ ಅದರ ಬಿಸಿ ಇಲ್ಲಿಯವರೆಗೂ ತಟ್ಟಿತು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು, 2011ರಲ್ಲಿ ವರದಿ ಬಂತು. ಮತಾಂತರ ತಡೆ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ ಮರುವರ್ಷ ಕಾಯ್ದೆಯಾದಾಗಲೂ ಹಾಗೆಯೇ. ಇಂಥ ಸುದ್ದಿ ಬಂದ ವಾರಗಳಲ್ಲಿ ನಮ್ಮ ಚಾಪೆಗಳು ಖಾಲಿ ಉಳಿಯುತ್ತವೆ. ಈಗಂತೂ ಎಲ್ಲಿಯದೋ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಸಾಕು, ಭಾನುವಾರ ಯಾರಿಗಾದರೂ ಹುಷಾರಿರುವುದಿಲ್ಲ.

ಇಂಥ ಹೊತ್ತಲ್ಲಿ "ಹೆದರಬೇಡಿ, ದೇವರಿದ್ದಾನೆ" ಎಂದು ಒಂದೇ ಮಾತಲ್ಲಿ ಮುಗಿಸುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ಎಲ್ಲರೂ ಕೂತ ಮೇಲೆ, ಯಾವುದಕ್ಕೆ ಹೆದರಿಕೆ ಎಂದು ಒಬ್ಬೊಬ್ಬರೂ ಒಂದು ಮಾತು ಹೇಳಲಿ ಎನ್ನುತ್ತೇನೆ. ಕೇಳಿದರೆ ಆಶ್ಚರ್ಯವಾಗುತ್ತದೆ. ಹೊಡೆತದ ಮಾತು ಅಪರೂಪಕ್ಕೆ ಬರುತ್ತದೆ. ಮಗಳ ಮದುವೆಗೆ ಊರವರು ಬರದಿದ್ದರೆ? ಕೂಲಿಗೆ ಕರೆಯದಿದ್ದರೆ? ನಾನು ಸತ್ತರೆ ಹೊರುವವರು ಯಾರು? ಒಬ್ಬ ತಾಯಿ ಕೇಳಿದ್ದು: "ಹಿಟ್ಟಿನ ಗಿರಣಿ ಹತ್ರ ನನ್ನ ಮಾತಾಡಿಸದಿದ್ರೆ ದಿನಾ ಹೆಂಗ್ ಹೋಗ್ಲಿ?"

ಹೆದರಿಕೆ ಇಷ್ಟು ಬಿಡಿಬಿಡಿಯಾಗಿ ಹೊರಗೆ ಬಂದ ಮೇಲೆ ಅದನ್ನು ಹಿಡಿದು ಪ್ರಾರ್ಥಿಸಬಹುದು. ಕೀರ್ತನೆಗಳ ಪುಸ್ತಕದಲ್ಲಿ ದಾವೀದ ಮಾಡುವುದೂ ಇದನ್ನೇ. ಎದೆಯಲ್ಲಿದ್ದದ್ದನ್ನೆಲ್ಲ, ನಾಚಿಕೆಯಿಲ್ಲದೆ, ದೇವರ ಮುಂದೆ ಸುರಿಯುತ್ತಾನೆ. ಆ ತಾಯಿಯ ವಿಷಯಕ್ಕೆ ನಾವು ಗಿರಣಿಯನ್ನೇ ಹೆಸರಿಸಿ ಪ್ರಾರ್ಥಿಸಿದೆವು. ಮುಂದಿನ ವಾರ ನಮ್ಮ ಇನ್ನೊಬ್ಬ ಹೆಣ್ಣುಮಗಳು ಅವಳ ಜೊತೆ ಜೋಳದ ಡಬ್ಬಿ ಹೊತ್ತು ಹೋದಳು. ಪ್ರಾರ್ಥನೆಯ ಉತ್ತರ ಎಷ್ಟೋ ಸಲ ಪಕ್ಕದಲ್ಲಿ ಕೂತವರ ರೂಪದಲ್ಲೇ ಎದ್ದು ಬರುತ್ತದೆ.

3. ಬಾಗಿಲು ತೆರೆದಿಟ್ಟೇ ಪ್ರಾರ್ಥಿಸಿ

ಅನುಮಾನ ಹುಟ್ಟುವುದು ಮುಚ್ಚಿದ ಬಾಗಿಲ ಹಿಂದೆ. ನಮ್ಮ ಕೂಟಗಳು ಮನೆಯಲ್ಲಿ ನಡೆಯುತ್ತವೆ. ಆ ಹೊತ್ತಲ್ಲಿ ಮುಂಬಾಗಿಲು, ಕಿಟಕಿ ಎರಡೂ ತೆರೆದಿರಬೇಕು ಎಂಬುದು ನಾನು ಬಿಡದೆ ಪಾಲಿಸುವ ನಿಯಮ. ಮೈಕು ಬೇಡ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ತಬಲ, ತಾಳ ಕೂಡ ಬೇಡ.

ಒಮ್ಮೆ ಸಂಜೆ ಹಾಡಿನ ನಡುವೆ ಏಳೆಂಟು ಹುಡುಗರು ಅಂಗಳಕ್ಕೆ ಬಂದು ನಿಂತರು. ಜೋರು ದನಿ, ಮೊಬೈಲಿನ ಕ್ಯಾಮೆರಾ ನಮ್ಮ ಕಡೆ. ನಮ್ಮವರ ಪೈಕಿ ಇಬ್ಬರು ಗಂಡಸರು ಎದ್ದು ನಿಂತರು, ನಾನು ಕೂರಿಸಿದೆ. ಹಾಡು ನಿಲ್ಲಿಸಿ ಮನೆಯ ಯಜಮಾನಿಯನ್ನು ಮಾತಾಡಲು ಬಿಟ್ಟೆ, ಮನೆ ಅವಳದು ತಾನೆ. ಅವಳು ಹೊಸ್ತಿಲಿಗೆ ಬಂದು, "ಏನ್ರಪ್ಪಾ, ಯಾರ್ ಮಕ್ಕಳು ನೀವು? ಬರ್ರಿ, ಕುಂದರ್ರಿ, ನೀರ್ ಕುಡೀರಿ" ಎಂದಳು. ಅಷ್ಟರಲ್ಲಿ ಎದುರು ಮನೆಯ ಮುದುಕಿ ಕಟ್ಟೆಯಿಂದ ಇಳಿದು ಬಂದು ಅವರಲ್ಲೊಬ್ಬನ ಅಪ್ಪನ ಹೆಸರು ಹಿಡಿದು ಕರೆದಳು. ಆಕೆ ಬೆಟ್ಟದ ದೇವಿ ಉಚ್ಚಂಗಮ್ಮನ ಒಕ್ಕಲು, ನಮ್ಮ ಕೂಟಕ್ಕೆ ಎಂದೂ ಬಂದವಳಲ್ಲ. ಬಾಗಿಲು ಸದಾ ತೆರೆದಿದ್ದರಿಂದ ಒಳಗೆ ಏನು ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಹುಡುಗರು ಗೊಣಗುತ್ತ ಹೋದರು. ದೇವರ ಬಲ ಅವತ್ತು ನಮ್ಮ ಅಂಗಳಕ್ಕೆ ಬಂದದ್ದು ಆ ಮುದುಕಿಯ ಗದರಿಕೆಯಲ್ಲಿ.

ಎಲ್ಲ ಕಡೆಯೂ ಹೀಗೆ ಮುಗಿಯುತ್ತದೆಂದು ನಾನು ಹೇಳುತ್ತಿಲ್ಲ. ಪೆಟ್ಟು ತಿಂದವರು ರಾಜ್ಯದಲ್ಲಿ ಇದ್ದಾರೆ, ಅವರ ನೋವನ್ನು ನಮ್ಮ ಒಂದು ಸಂಜೆಯ ಜೊತೆ ತೂಗಬಾರದು. ಆದ್ದರಿಂದ ಕಾನೂನೂ ಗೊತ್ತಿರಲಿ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆಯಾಗದಂತೆ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. 2022ರ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು ಎಂದಿತು. ಹೆಂಗಸರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದವರೆಗೆ. ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದೂ ಅದರಲ್ಲಿದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಕಾಯ್ದೆ ಬರಲಿ ಹೋಗಲಿ, ನಮ್ಮ ಕಡೆಯಿಂದ ಒಂದು ಮಾತು ಗಟ್ಟಿಯಿರಬೇಕು: ದೀಕ್ಷಾಸ್ನಾನದ ಹೆಸರಲ್ಲಿ ಅಕ್ಕಿ, ಸೀರೆ, ಕೆಲಸ, ದುಡ್ಡು ಯಾವುದರ ಆಸೆಯನ್ನೂ ತೋರಿಸಕೂಡದು. ಆಮಿಷ ಒಡ್ಡುವವನಿಗೆ ದೇವರ ಬಲದಲ್ಲಿ ನಂಬಿಕೆಯೇ ಇಲ್ಲ.

4. ಎಲೀಷನ ಕಥೆಯನ್ನು ಊಟದವರೆಗೆ ಓದಿ

ದೋತಾನ್ ಊರನ್ನು ಅರಾಮ್ಯರ ದಂಡು ರಾತ್ರೋರಾತ್ರಿ ಸುತ್ತುವರಿಯಿತು. ಬೆಳಗ್ಗೆ ಎದ್ದ ಎಲೀಷನ ಸೇವಕ ಕುದುರೆ ರಥಗಳನ್ನು ಕಂಡು ಕಂಗಾಲಾದ. ಇವನ ಕಣ್ಣು ತೆರೆಸು ಎಂದು ಪ್ರವಾದಿ ಪ್ರಾರ್ಥಿಸಿದ. ಬೆಟ್ಟದ ತುಂಬ ಬೆಂಕಿಯ ರಥಗಳು ನಿಂತಿರುವುದು ಸೇವಕನಿಗೆ ಕಂಡಿತು. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ಸಭೆ ಸ್ತೋತ್ರ ಎನ್ನುತ್ತದೆ.

ಕಥೆ ಮುಂದೆ ಹೋಗುತ್ತದೆ. ಬೆಂಕಿಯ ರಥಗಳು ಯಾರನ್ನೂ ಸುಡುವುದಿಲ್ಲ. ದಂಡಿನವರಿಗೆ ಕಣ್ಣು ಮಂಜಾಗುತ್ತದೆ, ಎಲೀಷ ಅವರನ್ನು ಸಮಾರ್ಯದ ನಡುವಿಗೆ ನಡೆಸಿಕೊಂಡು ಬರುತ್ತಾನೆ. ಇಸ್ರಾಯೇಲಿನ ಅರಸ ಹೊಡೆದುಬಿಡಲೇ ಎಂದು ಆತುರಪಡುತ್ತಾನೆ. ಬೇಡ, ಇವರಿಗೆ ರೊಟ್ಟಿ ನೀರು ಕೊಟ್ಟು ಕಳಿಸು ಎನ್ನುತ್ತಾನೆ ಎಲೀಷ. ದೊಡ್ಡ ಊಟ ಹಾಕಿಸಿ ಕಳಿಸುತ್ತಾರೆ. ಆಮೇಲೆ ಆ ಗುಂಪುಗಳು ನಾಡಿನೊಳಗೆ ಬರುವುದನ್ನು ಬಿಡುತ್ತವೆ. ಅಷ್ಟು ದೊಡ್ಡ ಬಲ ಬೆನ್ನಿಗಿದ್ದೂ ಪ್ರವಾದಿ ಮಾಡಿಸಿದ್ದು ಅಡುಗೆ. ನನಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಹತ್ತಿರದ ಕಥೆ ಇನ್ನೊಂದಿಲ್ಲ.

ಯುಗಾದಿಗೆ, ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಬರುವ ಜನಸಾಗರ ನೋಡಿದವರಿಗೆ ಗೊತ್ತು. ಟ್ರ್ಯಾಕ್ಟರ್, ಲಾರಿ, ಬಸ್ಸು, ಎತ್ತಿನ ಗಾಡಿ, ಕಾಲ್ನಡಿಗೆ. ರಸ್ತೆಯುದ್ದಕ್ಕೂ "ಉಧೋ ಉಧೋ" ಎಂಬ ಕೂಗು, ಭಂಡಾರ, ಬೇವಿನ ತೊಪ್ಪಲು. ಆ ದಿನಗಳಲ್ಲಿ ನಮ್ಮವರಿಗೆ ತಾವೆಷ್ಟು ಸಣ್ಣವರು ಎಂಬುದು ಮೈಗೇ ತಟ್ಟುತ್ತದೆ. ಕೆಲವರು ಬಾಗಿಲು ಹಾಕಿಕೊಂಡು ನೆಂಟರ ಮನೆಗೆ ಹೋಗಿಬಿಡುತ್ತಿದ್ದರು. ನಮ್ಮ ಸಭೆಯ ಒಬ್ಬ ಅಜ್ಜಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಬಾಗಿಲ ಮುಂದೆ ಗೋಣಿಚೀಲ ಸುತ್ತಿದ ಎರಡು ಮಣ್ಣಿನ ಹರವಿ ಇಟ್ಟು, ನಡೆದು ಬಂದವರಿಗೆಲ್ಲ ನೀರು ಕೊಟ್ಟಳು, ಮಜ್ಜಿಗೆ ಇದ್ದಷ್ಟು ಹೊತ್ತು ಮಜ್ಜಿಗೆ. ಸಭೆಯಲ್ಲಿ ಒಬ್ಬಿಬ್ಬರು, ಬೇರೆ ದೇವರ ಜಾತ್ರೆಗೆ ಹೋಗುವವರಿಗೆ ಹೀಗೆ ಮಾಡಬಹುದೇ, ಪಾಸ್ಟ್ರನ್ನು ಕೇಳಿದೆಯಾ ಎಂದರು. ಅಜ್ಜಿ ಹೇಳಿದ್ದು: "ಬಾಯಾರಿದೋರಿಗೆ ನೀರು ಕೊಡಾಕೆ ಪಾಸ್ಟ್ರನ್ನ ಯಾಕೆ ಕೇಳ್ಬೇಕು?" ಈಗ ಆ ಓಣಿಯಲ್ಲಿ ನಮ್ಮವರೆಲ್ಲ ಯುಗಾದಿಯ ಬಿಸಿಲಲ್ಲಿ ನೀರು ಇಡುತ್ತಾರೆ. ಕರಪತ್ರ ಹಂಚುವುದಿಲ್ಲ. ಬಾಯಾರಿದವನ ಕೈಗೆ ಚೊಂಬು ಕೊಡುವಾಗ ಅವನ ಕಿವಿಯನ್ನು ಅಡವಿಟ್ಟುಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹುಣ್ಣಿಮೆಯ ದಿನಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ 1982ರಲ್ಲೇ ಬಂದರೂ ಈ ಬೆಟ್ಟದಲ್ಲಿ ಕಾವಲು ಇಂದಿಗೂ ಬೇಕಾಗಿದೆ. ಆ ಪದ್ಧತಿಯಿಂದ ಹೊರಬಂದ ತಾಯಂದಿರು, ಸಂಘಟನೆಗಳವರು, ಇಲಾಖೆಯವರು ಅಲ್ಲಿ ನಿಂತು ಮಾಡುವ ಕೆಲಸಕ್ಕೆ ನಮ್ಮವರೂ ಕೈಜೋಡಿಸಬಹುದು. ಒಳ್ಳೆಯ ಕೆಲಸಕ್ಕೆ ನಿಂತಾಗ ಪಕ್ಕದಲ್ಲಿ ಎಷ್ಟು ಮಂದಿ ಸಿಗುತ್ತಾರೆಂಬುದನ್ನು ಮನೆಯೊಳಗೆ ಕೂತು ಲೆಕ್ಕ ಹಾಕಲಾಗದು.

5. ಕೈಲಾಗದ್ದನ್ನು ಕೈಲಾಗದು ಎನ್ನಿ

ಸ್ಮಶಾನದ ವಿಷಯ ಹೇಳಬೇಕು. ಸಣ್ಣ ಸಭೆಗಳ ಬಹುದೊಡ್ಡ ಸಂಕಟ ಅದು. ಪೇಟೆಗಳಲ್ಲಿ ಹಳೆಯ ಕ್ರೈಸ್ತ ಸಮಾಧಿ ಭೂಮಿಗಳಿವೆ, ಹಳ್ಳಿಯಲ್ಲಿ ಮೂರು ಮನೆಯವರಿಗೆ ಯಾರು ಜಾಗ ಕೊಡುತ್ತಾರೆ? ಅರ್ಜಿ ಹಾಕುತ್ತಲೇ ಇರುತ್ತೇವೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಬದಲಾದಾಗೆಲ್ಲ ಬಡವರ ಕಾಗದ ಮತ್ತೆ ಮೊದಲಿಂದ ಶುರು.

ಹೀಗಿರುವಾಗ ನಮ್ಮಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಊರಲ್ಲಿ ಸೂಲಗಿತ್ತಿಯಾಗಿದ್ದವಳು. ಊರ ಹಿರಿಯರು ಹಳ್ಳದ ದಂಡೆಯ ಗೋಮಾಳದ ಅಂಚಲ್ಲಿ ಮಣ್ಣು ಮಾಡಿಕೊಳ್ಳಿ ಎಂದರು. ಜಾಗವೇನೋ ಸಿಕ್ಕಿತು, ಆದರೆ ಅದು ಗರಸು ನೆಲ. ನಮ್ಮಲ್ಲಿ ಕುಣಿ ತೋಡುವ ವಯಸ್ಸಿನವರು ನಾಲ್ಕೇ ಮಂದಿ, ಉಳಿದ ಹುಡುಗರೆಲ್ಲ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದರು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು, ಒಂದು ಬುಟ್ಟಿ ಮಣ್ಣು ಬರುತ್ತಿರಲಿಲ್ಲ. ಮೊಣಕಾಲುದ್ದ ಆಗುವಷ್ಟರಲ್ಲಿ ಗುದ್ದಲಿಯ ಕಾವು ಮುರಿಯಿತು, ಒಬ್ಬನ ಅಂಗೈ ಬೊಬ್ಬೆ ಒಡೆದು ರಕ್ತ ಬಂತು. ಹೊತ್ತು ನೆತ್ತಿಗೇರಿತ್ತು. ಆ ಹುಡುಗ ಹಾರೆ ಕೆಳಗಿಟ್ಟು, ನಮ್ಮಿಂದ ಆಗೋದಿಲ್ಲ ಪಾಸ್ಟ್ರೇ ಎಂದ. ನಾನು ಊರೊಳಗೆ ಹೋಗಿ ಕಟ್ಟೆಯ ಮೇಲೆ ಕೂತವರಿಗೆ ಅದನ್ನೇ ಹೇಳಿದೆ: ನೆಲ ಗಟ್ಟಿ ಐತಿ, ನಮ್ಮ ಕೈಲಿ ಆಗ್ತಾ ಇಲ್ಲ.

ಯಾರೂ ಮಾತಾಡಲಿಲ್ಲ. ನಾನು ಹಿಂತಿರುಗಿ ಅರ್ಧ ದಾರಿ ಬಂದಿರಬೇಕು, ಹಿಂದಿನಿಂದ ಎರಡು ಬೈಕು ಬಂದವು. ಹಾರೆ, ಸಲಿಕೆ, ಒಂದು ಕೊಡ ನೀರು. ಬಂದವರಲ್ಲೊಬ್ಬ ಅಂಗಿ ಕಳಚಿ ಕುಣಿಗೆ ಇಳಿದ. "ಸರೀರಿ ಅತ್ಲಾಗೆ. ನಾನು ಹುಟ್ಟಿದ್ದು ಈ ಅಜ್ಜಿ ಕೈಯಾಗ" ಎಂದ. ನೀರು ಹೊಯ್ದು ನೆಲ ನೆನೆಸಿ, ಪದರು ಪದರಾಗಿ ಎಬ್ಬಿಸುವುದು ಅವನಿಗೆ ಗೊತ್ತಿತ್ತು. ಬಾವಿ ತೋಡಿ ರೂಢಿಯಿದ್ದವನು. ಸಂಜೆಯ ಹೊತ್ತಿಗೆ ಆಳ ಸಾಕಾಯಿತು. ನಾನು ವಾಕ್ಯ ಓದುವಾಗ ಅವನೂ ಅವನ ಜೊತೆ ಬಂದವರೂ ಮಣ್ಣಾದ ಕೈಯಲ್ಲೇ ಬದಿಗೆ ನಿಂತಿದ್ದರು, ಮೂರು ಹಿಡಿ ಮಣ್ಣನ್ನೂ ಹಾಕಿದರು.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ತನ್ನ ಶರೀರದ ಮುಳ್ಳಿನ ಬಗ್ಗೆ ಹೇಳುತ್ತಾನೆ. ತೆಗೆದುಬಿಡು ಎಂದು ಮೂರು ಸಲ ಬೇಡಿದರೂ ದೇವರು ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಅರ್ಥದ ಉತ್ತರ ಬಂತು. ಆ ಭಾಗವನ್ನು ನಾನು ಎಷ್ಟೋ ಸಲ ವಿವರಿಸಿದ್ದೆ. ಅದರ ತಿರುಳು ನನಗೆ ಹೊಳೆದದ್ದು ಆ ಗರಸು ನೆಲದ ಮೇಲೆ. ನಮ್ಮಲ್ಲಿ ಹತ್ತು ಗಟ್ಟಿ ಆಳುಗಳಿದ್ದಿದ್ದರೆ ನಾವು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ, ಆ ಊರು ನಮ್ಮ ಜೊತೆ ಮಣ್ಣು ಹಾಕುತ್ತಿರಲಿಲ್ಲ.

6. ಉತ್ತಂಗಿ ಚನ್ನಪ್ಪನವರನ್ನು ಓದಿ

ಕಡಿಮೆ ಮಂದಿ ಎಂದರೆ ತಲೆ ತಗ್ಗಿಸಿ ಬದುಕಬೇಕು ಎಂದುಕೊಂಡಿರುವ ನಮ್ಮ ಹುಡುಗರಿಗೆ ನಾನು ಮೊದಲು ಹೇಳುವುದು ಹಡಗಲಿ ತಾಲ್ಲೂಕಿನ ಉತ್ತಂಗಿಯ ಹೆಸರು. ರೆವರೆಂಡ್ ಉತ್ತಂಗಿ ಚನ್ನಪ್ಪನವರ ಮನೆತನದ ಊರು ಅದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಕಲಿತು ಸಭಾಪಾಲಕರಾದರು. ಕೈಯಲ್ಲಿ ಅಧಿಕಾರವಿಲ್ಲ, ಹಣವಿಲ್ಲ, ಹಿಂದೆ ದೊಡ್ಡ ಸಮುದಾಯವಿಲ್ಲ. ಊರೂರು ಸುತ್ತಿ ಓಲೆಗರಿ, ಕೈಬರಹ, ಜನರ ಬಾಯಲ್ಲಿದ್ದದ್ದನ್ನೆಲ್ಲ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪುಸ್ತಕವಾಗಿ ಕನ್ನಡಿಗರ ಕೈಗಿತ್ತರು. ಇವತ್ತು ಕನ್ನಡದ ಮಗು ಶಾಲೆಯಲ್ಲಿ ತ್ರಿಪದಿ ಹೇಳಿದರೆ ಅದರ ಹಿಂದೆ ಒಬ್ಬ ಬಡ ಪಾದ್ರಿಯ ಕಾಲ್ನಡಿಗೆ ಇದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಶರಣರ ವಚನಗಳನ್ನು ಆಳವಾಗಿ ಓದಿದರು, ಅನುಭವ ಮಂಟಪ ಚರಿತ್ರೆಯಲ್ಲಿ ನಿಜವಾಗಿ ಇತ್ತು ಎಂದು ವಾದಿಸಿ ಗ್ರಂಥ ಬರೆದರು. ಕ್ರಿಸ್ತನನ್ನು ಒಂದಿಷ್ಟೂ ಬಿಟ್ಟುಕೊಡದೆ ಬಸವಣ್ಣನವರ ಮುಂದೆ ಕೂತು ಕಲಿತವರು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ತಮ್ಮನ್ನು ತಾವು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡ ಮನುಷ್ಯ 1962ರಲ್ಲಿ ತೀರಿಕೊಂಡರು.

ಅವರ ಬದುಕಿನಿಂದ ನಾನು ತೆಗೆದುಕೊಂಡದ್ದು ಒಂದು ಧೈರ್ಯ. ದೇವರ ಮೇಲೆ ಭಾರ ಹಾಕಿದವನಿಗೆ ಪಕ್ಕದವರ ಒಳ್ಳೆಯದನ್ನು ಕಂಡು ಭಯವಾಗುವುದಿಲ್ಲ. ಸರ್ವಜ್ಞನನ್ನು ಓದಿದರೆ ನಂಬಿಕೆ ಸಡಿಲವಾದೀತು ಎನ್ನುವ ಸೇವಕರನ್ನು ನೋಡಿದ್ದೇನೆ. ಅಷ್ಟು ಬೇಗ ಸಡಿಲವಾಗುವುದಾದರೆ ಅದಕ್ಕೆ ಬೇರು ಇಲ್ಲ. ಚನ್ನಪ್ಪನವರ ಸುತ್ತ ಇದ್ದ ಕ್ರೈಸ್ತರ ಸಂಖ್ಯೆ ಅಂದೂ ಕಡಿಮೆಯೇ ಇತ್ತು. ಅವರು ಎಷ್ಟು ಮಂದಿ ಇದ್ದೇವೆ ಎಂದು ಕೇಳುವುದರ ಬದಲು ಈ ನಾಡಿಗೆ ಏನು ಕೊಡಬಲ್ಲೆ ಎಂದು ಕೇಳಿಕೊಂಡರು.

7. ಹೊರಗಿನ ಊರುಗೋಲು ಬಿದ್ದರೂ ಸಭೆ ಬೀಳುವುದಿಲ್ಲ

1810ರಲ್ಲಿ ಲಂಡನ್ ಮಿಶನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಲು 1831ರವರೆಗೆ ಕಾಯಬೇಕಾಯಿತು. ಬಾಸೆಲ್ ಮಿಶನ್‌ನ ಮೋಗ್ಲಿಂಗ್ 1843ರಲ್ಲಿ ಶುರುಮಾಡಿದ 'ಮಂಗಳೂರ ಸಮಾಚಾರ' ಪತ್ರಿಕೆ ಮರುವರ್ಷ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಳ್ಳಾರಿಯಿಂದಲೇ ಹೊರಟಿತು. ಇವೆಲ್ಲ ದೊಡ್ಡ ಕೆಲಸಗಳು, ಹೊರಗಿನಿಂದ ಬಂದ ನೆರವು. ಅದಕ್ಕೆ ನಾವು ಋಣಿಗಳು.

ಆದರೆ 1914ರ ಮಹಾಯುದ್ಧ ಬಂದಾಗ ಏನಾಯಿತೆಂಬುದನ್ನೂ ತಿಳಿಯಬೇಕು. ಬಾಸೆಲ್ ಮಿಶನ್‌ನ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳು ಇನ್ನು ಮುಚ್ಚಿದವು ಎಂದು ಹೇಳಿದವರು ಇದ್ದಿರಬೇಕು. ಮುಚ್ಚಲಿಲ್ಲ. ಕನ್ನಡದ ಸಭಾಪಾಲಕರು, ಶಾಲೆಯ ಮಾಸ್ತರರು, ಬೈಬಲ್ ಓದುವ ಹೆಂಗಸರು ಅವನ್ನು ನಡೆಸಿದರು. ಆ ಗುಡಿಗಳಲ್ಲಿ ಇವತ್ತೂ ಭಾನುವಾರ ಗಂಟೆ ಮೊಳಗುತ್ತದೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸಣ್ಣ ಸಭೆಗೆ ದೊಡ್ಡವರ ನೆರಳು ಹುಡುಕುವ ಆಸೆ ಬೇಗ ಹುಟ್ಟುತ್ತದೆ. ಬೆಂಗಳೂರಿನ ದೊಡ್ಡ ಸಭೆಯ ದುಡ್ಡು, ಚುನಾವಣೆ ಹೊತ್ತಲ್ಲಿ ಬಂದು ಕೈ ಮುಗಿಯುವವರ ಭರವಸೆ. ನೆರವು ಬಂದರೆ ಲೆಕ್ಕ ಬರೆದಿಟ್ಟು ತೆಗೆದುಕೊಳ್ಳಿ. ಅದರ ಮೇಲೆ ಚಾವಣಿ ಕಟ್ಟಬೇಡಿ. ಉಚ್ಚಂಗಿಯ ಕೋಟೆಯೇ ಸಾಕ್ಷಿಗಿದೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಸೋತು ಹೋದರು ಎಂದು ಶಾಸನ ಕೊಂಡಾಡುವ ಕೋಟೆ ಅದು. ಹೊಯ್ಸಳ ವೀರಬಲ್ಲಾಳ ಅದನ್ನು ಹಿಡಿದ. ಕೋಟೆಯ ಪಾಂಡ್ಯ ಅರಸ ಶರಣು ಬಂದಾಗ ಬಲ್ಲಾಳ ಅವನಿಗೆ ರಾಜ್ಯ ಮರಳಿಸಿದ ಎಂದೂ ಶಾಸನ ಹೇಳುತ್ತದೆ. ಹನ್ನೆರಡು ವರ್ಷ ಕಾಯ್ದ ಕಲ್ಲುಗೋಡೆ ಆ ಪಾಂಡ್ಯನನ್ನು ಉಳಿಸಲಿಲ್ಲ, ಶರಣು ಹೋದದ್ದು ಉಳಿಸಿತು.

8. ಸೇವಕನ ದೇಹವೂ ದಣಿಯುತ್ತದೆ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆ, ಮಂಡಿನೋವು, ಸಾಲ, ಮಕ್ಕಳ ಫೀಸು ಎಲ್ಲ ಸೇವಕನಿಗೂ ಇವೆ. ದೇವರ ಬಲವನ್ನು ನಂಬುತ್ತೇನೆ ಎಂದು ಮಾತ್ರೆ ಬಿಡಬೇಡಿ, ಊಟ ತಪ್ಪಿಸಬೇಡಿ. ಎಲೀಯ ಸಾಯಬೇಕೆಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ಮಾತು ಆಮೇಲೆ. ಹೆಂಡತಿ ಮಕ್ಕಳ ಮುಂದೆ ದಣಿವನ್ನು ಒಪ್ಪಿಕೊಳ್ಳುವ ಸೇವಕ ಬಹುಕಾಲ ನಿಲ್ಲುತ್ತಾನೆ.

9. ಒಂದೇ ಮನೆಯ ಊರಿಗೆ ಮೊದಲು ಹೋಗಿ

ಮೂರು ಮನೆಯ ಸಭೆಗೇ ಇಷ್ಟು ಒಂಟಿತನವಾದರೆ, ಒಂದೇ ಮನೆ ಇರುವ ಊರಲ್ಲಿ ಹೇಗಿರಬೇಡ? ಕೊಟ್ಟೂರಿನ ಆಚೆ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡನಿಗೆ ನಂಬಿಕೆಯಿಲ್ಲ, ಅಡ್ಡಿಯನ್ನೂ ಮಾಡುವುದಿಲ್ಲ. ಅತ್ತೆ ಮಾವ ಕೊಟ್ಟೂರೇಶ್ವರನ ಭಕ್ತರು. ಭಾನುವಾರ ಅವಳಿಗೆ ಬಸ್ಸಲ್ಲಿ ಬರಲಾಗದು, ಕೂಲಿ ತಪ್ಪುತ್ತದೆ. ನಾನು ಅವಳಿಗೆ ಧೈರ್ಯ ಹೇಳಬೇಕೆಂದು ಹೋಗುತ್ತಿದ್ದೆ.

ಅವಳ ಹತ್ತಿರ ಹಳೆಯ ಶಾಲೆಯ ನೋಟ್‌ಬುಕ್ ಒಂದಿದೆ. ಅದರಲ್ಲಿ ನಮ್ಮ ಎಲ್ಲ ಊರುಗಳ ವಿಶ್ವಾಸಿಗಳ ಹೆಸರು ಬರೆದಿದ್ದಾಳೆ. ಕಾಯಿಲೆಯವರಿಗೆ ಒಂದು ಗೀಟು, ಗುಣವಾದರೆ ಅದರ ಮೇಲೆ ಅಡ್ಡಗೀಟು. ಬೆಳಗ್ಗೆ ಒಲೆ ಹಚ್ಚುವ ಮುಂಚೆ ಅಷ್ಟೂ ಹೆಸರು ಓದಿ ಪ್ರಾರ್ಥಿಸುತ್ತಾಳೆ. ಗರಸು ನೆಲದಲ್ಲಿ ಕುಣಿ ತೋಡಿಕೊಟ್ಟವನ ಹೆಸರೂ ಅದರಲ್ಲಿದೆ, ಆ ಸುದ್ದಿ ಕೇಳಿ ಅವಳೇ ಬರೆದುಕೊಂಡಳು. ಕಳೆದ ಸಲ ಹೋದಾಗ ಕೂತ ಕೂಡಲೇ ಪೆನ್ನು ಹಿಡಿದಳು: "ಹೇಳ್ರಿ ಪಾಸ್ಟ್ರೇ, ಈ ಸಲ ಯಾರ್ ಯಾರ್ದು ಸೇರಿಸ್ಲಿ?"

ನಾವು ಹರಪನಹಳ್ಳಿ ಪೇಟೆಯಲ್ಲಿ ಕೂಟ ಮಾಡುವಾಗ, ಹೊಸಬರು ಹಳ್ಳಿಗೆ ಹೊರಡುವಾಗ, ಯಾರದೋ ಮಗ ಆಪರೇಶನ್‌ಗೆಂದು ದಾವಣಗೆರೆಗೆ ಹೋಗುವಾಗ, ಇವಳ ನೋಟ್‌ಬುಕ್ಕಿಗೆ ಹೆಸರು ಕಳಿಸುತ್ತೇವೆ. ಆದ್ದರಿಂದ ಸೇವೆಗೆ ಇಳಿದ ಹುಡುಗರಿಗೆ ಒಂದು ಮಾತು: ಡಿಸೆಂಬರ್‌ನಲ್ಲಿ ಕ್ಯಾರಲ್ ಗುಂಪು ಹೊರಡುವಾಗ ಮೊದಲ ಊರು ಅವಳದೇ ಇರಲಿ. ಅತ್ತೆ ಮಾವನಿಗೂ ಕೇಕ್ ಒಯ್ಯಿರಿ, ಅಂಗಳದಲ್ಲೇ ನಿಂತು ಹಾಡಿ. ಕತ್ತಲಾಗುವ ಮುಂಚೆ ಬಸ್ಸು ಹಿಡಿದರೆ ಪೇಟೆಯ ಮನೆಗಳಿಗೆ ರಾತ್ರಿ ಊಟದ ಹೊತ್ತಿಗೆ ತಲುಪಬಹುದು.